ಬುಟ್ಟು ಬಂದೆ ಅಂದಿದ್ದಕ್ಕೆ ಹೋದ ಲೈಸೆನ್ಸು

ಲೈಸೆನ್ಸು ಕಳೆದುಕೊಂಡ ಡ್ರೈವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಂಥ ಕರ್ಮ ಅಂತ ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಬೇಕು. ಐದು ತಿಂಗಳು ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೂರುತ್ತಿದ್ದರು. ಎಲ್ಲಿಗೂ ಹೋಗುವಂತಿಲ್ಲ, ಆದರೂ ಎದ್ದು ಮುಖ ತೊಳೆದು, ತಲೆ ಬಾಚಿ, ಬೀದಿ ಬಾಗಿಲು ತೆಗೆದು ನಿಲ್ಲುತ್ತಿದ್ದರು. ನಾನು ಒಲೆ ಹಚ್ಚುವ ಹೊತ್ತಿಗೆ ಒಳಗೆ ಬಂದು “ಕಾಫಿ ಆಯ್ತಾ?” ಅನ್ನುತ್ತಿದ್ದರು. ಯಾವ ಊರಿಗೆ ಹೊರಟಿದ್ದೀರಿ ಸ್ವಾಮಿ ಅಂತ ಕೇಳೋಣ ಅಂತ ನಾಲಿಗೆ ತುದಿಗೆ ಬರುತ್ತಿತ್ತು. ಒಂದೆರಡು ಸಲ ಕೇಳಿದ್ದೂ ಉಂಟು. ನನ್ನದು ಸುಮ್ಮನಿರುವ ಬಾಯಲ್ಲ.

ನಮ್ಮದು ಮಾಗಡಿ ತಾಲ್ಲೂಕಿನ ಒಂದು ಊರು. ಅಂಗಳದಲ್ಲಿ ನಿಂತರೆ ಸಾವನದುರ್ಗದ ಬೆನ್ನು ಕಾಣುತ್ತದೆ. ನಾನು ಊರಿನ ಅಂಗನವಾಡಿಯಲ್ಲಿ ಟೀಚರ್. ಇವರು, ಅಂದರೆ ನನ್ನ ಗಂಡ, ಫ್ಯಾಕ್ಟರಿ ವ್ಯಾನಿನ ಡ್ರೈವರ್. ಎರಡು ಸಾವಿರದ ಇಸವಿ ಕಳೆದ ಮೇಲೆ ಬಿಡದಿ ಕಡೆ ಒಂದರ ಪಕ್ಕ ಒಂದು ಫ್ಯಾಕ್ಟರಿ ಎದ್ದವಲ್ಲ, ಆಗ ನಮ್ಮ ಕಡೆಯ ಊರೂರುಗಳಿಂದಲೂ ಜನ ಶಿಫ್ಟಿಗೆ ಹೊರಟರು. ರಾಗಿ ಕೊಯ್ಯೋಕೆ ಕರೆದರೆ ಸೊಂಟ ನೋವು ಅನ್ನುತ್ತಿದ್ದ ಹೆಣ್ಣುಮಕ್ಕಳು ಎಂಟು ಗಂಟೆ ನಿಂತು ಕೆಲಸ ಮಾಡಿ ಬಂದು ನಗುನಗುತ್ತಾ ಇರುತ್ತಿದ್ದರು. ಮಾಗಡಿಗೆ ರೈಲಿಲ್ಲ, ಬಸ್ಸು ಅದಕ್ಕೆ ಇಷ್ಟ ಬಂದಾಗ ಬರುತ್ತದೆ. ಅದಕ್ಕೇ ಗುತ್ತಿಗೆದಾರನೊಬ್ಬ ನಾಲ್ಕು ವ್ಯಾನು ತಂದು ಓಡಿಸತೊಡಗಿದ. ಅದರಲ್ಲೊಂದರ ಸ್ಟೇರಿಂಗು ಇವರದ್ದು. ಬೆಳಿಗ್ಗೆ ಐದಕ್ಕೆ ಊರು ಬಿಟ್ಟು, ಹಾದಿಯ ಹಳ್ಳಿಗಳಲ್ಲಿ ಜನ ಹತ್ತಿಸಿಕೊಂಡು, ಆರಕ್ಕೆ ಹತ್ತು ನಿಮಿಷ ಇರುವಾಗ ಫ್ಯಾಕ್ಟರಿ ಗೇಟಿನ ಮುಂದೆ ನಿಲ್ಲಿಸಬೇಕು. ಗೇಟು ಮುಚ್ಚಿದರೆ ಅಷ್ಟೂ ಜನರಿಗೆ ಅರ್ಧ ದಿನದ ಸಂಬಳ ಹೋಯಿತು. ಆರು ವರ್ಷದಲ್ಲಿ ಇವರು ಒಂದು ದಿನವೂ ಗೇಟು ತಪ್ಪಿಸಿದವರಲ್ಲ.

ಒಂದು ಮಾಗಿಯ ಬೆಳಿಗ್ಗೆ, ಮಂಜು ಮುಸುಕಿದ್ದಾಗ, ವ್ಯಾನಿನ ಎಡಗಡೆ ಕನ್ನಡಿ ಒಬ್ಬ ತಾತನಿಗೆ ತಗುಲಿತು. ತಾತ ಕುರಿಗೆ ಸೊಪ್ಪು ಕಡಿದುಕೊಂಡು ತಲೆ ಮೇಲೆ ಹೊರೆ ಹೊತ್ತು ರಸ್ತೆಬದಿಯಲ್ಲಿ ಬರುತ್ತಿದ್ದರಂತೆ. ಇದನ್ನು ಇವರು ನನಗೆ ಹೇಳಿದ್ದು ಪೊಲೀಸ್ ಠಾಣೆಯಿಂದ ಕರೆ ಬಂದ ಮೇಲೆ, ಅಂದರೆ ವಾರ ಕಳೆದು. ಅದೂ ಎಷ್ಟು? “ಒಬ್ಬ ತಾತಂಗೆ ಕನ್ನಡಿ ತಗುಲ್ತು. ಕೈಗೆ ಒಸಿ ಏಟಾಗೈತಂತೆ.” ಮುಗಿಯಿತು. ಇವರ ಬಾಯಿಂದ ಮಾತು ತೆಗೆಯುವುದು ಅಂದರೆ ಹಳೇ ಬೋರ್‌ವೆಲ್ ಹೊಡೆದ ಹಾಗೆ. ಕೈ ಸೋಲುವ ತನಕ ಒತ್ತಿದರೆ ಒಂದು ಲೋಟ. ಗುತ್ತಿಗೆದಾರನೇ ಠಾಣೆಗೆ ಕರೆದುಕೊಂಡು ಹೋಗಿ ಜಾಮೀನು ಮಾಡಿಸಿದ. ಇವರು ಮತ್ತೆ ವ್ಯಾನು ಹತ್ತಿದರು. ನಾನೂ ಮರೆತೆ.

ಕೋರ್ಟಿಗೆ ಬರಲು ಹೇಳಿದ್ದು ಯುಗಾದಿ ಕಳೆದ ಮೇಲೆ. ವಕೀಲರನ್ನು ನೋಡಿ ಅಂದೆ. “ಅದುಕ್ಯಾಕೆ ವಕೀಲ್ರು? ಒಪ್ಕೊಂಡ್ಬುಡು, ದಂಡ ಕಟ್ಬುಟ್ಟು ಎಲ್ಡ್ ಗಂಟೆ ಶಿಫ್ಟಿಗೆ ಬಂದ್ಬುಡು ಅಂದವ್ರೆ” ಅಂದರು. ಅಂದದ್ದು ಗುತ್ತಿಗೆದಾರ. ಇವರು ಖಾಕಿ ಅಂಗಿ ಹಾಕಿಕೊಂಡೇ ಹೋದರು, ವ್ಯಾನಿನಲ್ಲೇ ಹೋದರು. ಮಧ್ಯಾಹ್ನ ನಾನು ಅಂಗನವಾಡಿ ಬಾಗಿಲಿಗೆ ಬೀಗ ಹಾಕುವಾಗ ನೋಡುತ್ತೇನೆ, ಬಸ್‌ಸ್ಟಾಪಿನ ಕಡೆಯಿಂದ ನಡೆದುಕೊಂಡು ಬರುತ್ತಿದ್ದಾರೆ. ಆರು ವರ್ಷದಲ್ಲಿ ಆ ಮನುಷ್ಯ ಹಗಲುಹೊತ್ತಿನಲ್ಲಿ ಆ ರಸ್ತೆಯಲ್ಲಿ ನಡೆದದ್ದನ್ನು ನಾನು ಕಂಡಿರಲಿಲ್ಲ.

“ಗಾಡಿ ಎಲ್ಲಿ?” ಅಂದೆ.

“ಬ್ಯಾರೆ ಡ್ರೈವರ್ ಬಂದು ತಕೊಂಡೋದ. ಲೈಸೆನ್ಸ್ ಇಸ್ಕೊಂಡ್ಬುಟ್ರು. ಒಂದ್ ವರ್ಷ ಗಾಡಿ ಮುಟ್ಟಂಗಿಲ್ವಂತೆ.”

“ಯಾಕೆ? ದಂಡ ಕಟ್ಟಿದ್ರೆ ಆಯ್ತದೆ ಅಂದಿದ್ರಲ್ಲ?”

“ದಂಡಾನೂ ಕಟ್ಟುದ್ನಲ್ಲ.” ಅಂಗಿಯ ಗುಂಡಿ ಬಿಚ್ಚುತ್ತಾ ಒಳಗೆ ಹೋದರು. “ಬುಟ್ಟೋದ್ಯಾ ಅಂತ ಕೇಳುದ್ರು. ಹೂಂ ಅಂದೆ.”

ನನಗೆ ತಲೆಬುಡ ಅರ್ಥವಾಗಲಿಲ್ಲ. ನಾಲ್ಕು ದಿನ ಬಿಟ್ಟು ನಾನೇ ಹೋಗಿ ಅರ್ಜಿ ಹಾಕಿ ತೀರ್ಪಿನ ನಕಲು ತೆಗೆಸಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಓದಿದೆ. ಎರಡೇ ಹಾಳೆ. ಆರೋಪಿಯು ಅಜಾಗರೂಕತೆಯಿಂದ ವಾಹನ ಚಲಾಯಿಸಿ ಡಿಕ್ಕಿ ಹೊಡೆದು, ಗಾಯಾಳುವನ್ನು ಬಿಟ್ಟು ಹೋಗಿರುತ್ತಾರೆ. ಆರೋಪವನ್ನು ಓದಿ ಹೇಳಲಾಗಿ, ಆರೋಪಿಯು ‘ಹೌದು, ನಾನೇ ಬಿಟ್ಟು ಹೋದೆ’ ಎಂದು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾರೆ. ಆಮೇಲೆ ದಂಡ. ಆಮೇಲೆ, ಒಂದು ವರ್ಷದ ಅವಧಿಗೆ ಚಾಲನಾ ಪರವಾನಗಿ ಹೊಂದಲು ಅನರ್ಹಗೊಳಿಸಲಾಗಿದೆ. ಗಾಯಾಳುವಿನ ಎಡ ಮುಂಗೈ ಮೂಳೆ ಮುರಿದಿತ್ತು ಅಂತಲೂ ಇತ್ತು.

ಮೈಯೆಲ್ಲ ಉರಿದುಹೋಯಿತು. ಮುದುಕನ ಕೈ ಮುರಿದು, ರಸ್ತೆಯಲ್ಲಿ ಬಿಸಾಕಿ, ಗೇಟು ಮುಚ್ಚುತ್ತದೆ ಅಂತ ಹೋಗಿದ್ದಾರೆ! ಹೋಗಿ, ಸಂಜೆ ಮನೆಗೆ ಬಂದು, ನಾನು ಬಡಿಸಿದ ಮುದ್ದೆ ಉಂಡು ಮಲಗಿದ್ದಾರೆ! ಮನೆಗೆ ಬಂದವಳೇ ಆ ಎರಡು ಹಾಳೆಯನ್ನು ಇವರ ಮುಂದೆ ಎಸೆದೆ. “ನಾಯಿಗೆ ತಗುಲುದ್ರೂ ಇಳ್ದು ನೋಡ್ತಾರೆ” ಅಂದೆ. ಇನ್ನೂ ಏನೇನೋ ಅಂದೆ, ಈಗ ಬರೆಯಲು ನಾಚಿಕೆಯಾಗುತ್ತದೆ. ಇವರು ಹಾಳೆ ಎತ್ತಿಕೊಂಡು ಓದಿದರು. ಅರ್ಥವಾಗದವರ ಹಾಗೆ ನನ್ನ ಮುಖ ನೋಡಿದರು. “ಸರಿಯಾಗೇ ಬರ್ದವ್ರಲ್ಲಮ್ಮಿ” ಅಂದರು. ಎರಡು ದಿನ ನಾನು ಮಾತಾಡಲಿಲ್ಲ. ತಟ್ಟೆ ಇಟ್ಟರೆ ಇಟ್ಟೆ, ಅಷ್ಟೇ.

ಮೂರನೇ ದಿನ ಅಂಗನವಾಡಿಯಲ್ಲಿ ಬೆಳಿಗ್ಗೆ ಗಲಾಟೆಯೋ ಗಲಾಟೆ. ಒಬ್ಬ ತಾಯಿ ಬಂದಳು, ಸೊಂಟದಲ್ಲಿ ಮಗು, ಕೈಯಲ್ಲಿ ಫ್ಯಾಕ್ಟರಿಯ ಊಟದ ಡಬ್ಬಿ. ಮಗುವನ್ನು ನನ್ನ ಮುಂದೆ ಇಳಿಸಿದಳು. “ಟೀಚರೇ, ಮಗೀನ ಬುಟ್ಟೋಯ್ತೀನಿ” ಅಂದಳು. “ಹೂಂ, ಬುಟ್ಟೋಗು” ಅಂದೆ. ಅಂದವಳು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತುಬಿಟ್ಟೆ.

ದಿನಕ್ಕೆ ಇಪ್ಪತ್ತು ಸಲ ಕೇಳುವ ಮಾತು ಅದು. ಮಗೀನ ಬುಟ್ಟು ಬಂದೆ, ಅತ್ತೇನ ಬಸ್‌ಸ್ಟ್ಯಾಂಡಿಗೆ ಬುಟ್ಟು ಬಂದೆ, ಮಗಳ್ನ ಗಂಡನ ಮನೇಗೆ ಬುಟ್ಟು ಬಂದೆ. ಯಾರೂ ಯಾರನ್ನೂ ಬಿಸಾಕಿ ಬಂದವರಲ್ಲ, ಸೇರಬೇಕಾದ ಜಾಗಕ್ಕೆ ಸೇರಿಸಿ ಬಂದವರು. ಅಯ್ಯೋ ನನ್ನ ಬುದ್ಧಿಗಿಷ್ಟು! ಸಹಾಯಕಿಗೆ ಮಕ್ಕಳನ್ನು ನೋಡಿಕೊಳ್ಳಲು ಹೇಳಿ ಮನೆಗೆ ಓಡಿದೆ. ಇವರು ಜಗಲಿ ಮೇಲೆ ಕೂತು ಹರಿದ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದರು.

“ಎಲ್ಲಿಗೆ ಬುಟ್ಟಿದ್ದು?” ಅಂದೆ, ಏದುಸಿರು ಬಿಡುತ್ತಾ.

“ಯಾರ್ನ?”

“ಆ ತಾತುನ್ನ!”

“ಅವುರ್ ಮನೇಗೆ” ಅಂದರು. ಇದೂ ಕೇಳಬೇಕಾ ಅನ್ನುವ ಹಾಗೆ.

ಆಮೇಲೆ ಒತ್ತೀ ಒತ್ತೀ ಹೊರಗೆ ತೆಗೆದದ್ದು ಇಷ್ಟು. ಕನ್ನಡಿ ತಗುಲಿದ ತಕ್ಷಣ ವ್ಯಾನು ನಿಲ್ಲಿಸಿ ಇಳಿದಿದ್ದಾರೆ. ತಾತನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ್ದಾರೆ. ಸೊಪ್ಪಿನ ಹೊರೆಯನ್ನೂ ಒಳಗೆ ಹಾಕಿಕೊಂಡಿದ್ದಾರೆ, ಹೆಣ್ಣುಮಕ್ಕಳು ಅದರ ಮೇಲೆ ಕಾಲಿಟ್ಟು ಕೂತಿದ್ದಾರೆ. ಆಸ್ಪತ್ರೆಗೆ ಹೋಗೋಣ್ವಾ ತಾತ ಅಂದರೆ, “ಏನೂ ಆಗಿಲ್ಲ ಕಣಪ್ಪ, ಮನೇಗ್ ಬುಡು, ಕುರಿಗೆ ಸೊಪ್ಪಿಲ್ಲ” ಅಂದರಂತೆ ತಾತ. ಹಾದಿಯಿಂದ ಒಂದು ಮೈಲಿ ಒಳಗೆ ಹೋಗಿ ಮನೆಗೆ ಬಿಟ್ಟು, ಗೇಟು ಮುಚ್ಚಲು ಇನ್ನೇನು ಎರಡು ನಿಮಿಷ ಇದೆ ಅನ್ನುವಾಗ ಫ್ಯಾಕ್ಟರಿ ಸೇರಿದ್ದಾರೆ. ತಾತನ ಕೈ ಊದಿಕೊಂಡದ್ದನ್ನು ಮೂರು ದಿನ ಬಿಟ್ಟು ಬಂದ ಅಳಿಯ ನೋಡಿ ಆಸ್ಪತ್ರೆಗೆ ಸೇರಿಸಿದ್ದಾನೆ, ಆಸ್ಪತ್ರೆಯವರು ಠಾಣೆಗೆ ತಿಳಿಸಿದ್ದಾರೆ.

“ಮತ್ತೆ ಕೋರ್ಟಲ್ಲಿ ಇದ್ನ ಹೇಳಕ್ಕೆ ಏನಾಗಿತ್ತು ನಿಮ್ಗೆ?”

“ಅದ್ನೇ ಹೇಳುದ್ನಲ್ಲಮ್ಮಿ! ಗಾಯ ಆದೋರ್ನ ಬುಟ್ಟೋದ್ಯಾ ಅಂತ ಕೇಳುದ್ರು. ಬ್ಯಾರೆ ಯಾರೋ ಬುಟ್ಟವ್ರೆ ಅಂದ್ಕೊಂಡಾರು ಅಂತ, ನಾನೇ ಬುಟ್ಟೋದೆ ಸ್ವಾಮಿ ಅಂದೆ.”

ನಾನೇ! ಆ ‘ನಾನೇ’ ಕೇಳಿ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಒಂದು ಒಳ್ಳೇ ಕೆಲಸ ಮಾಡಿದೆ, ಅದನ್ನು ಕೋರ್ಟು ಕೇಳುತ್ತಿದೆ ಅಂದುಕೊಂಡು ಎದೆ ಸೆಟೆಸಿ ಹೂಂ ಅಂದು ಬಂದಿದ್ದಾರೆ ಪುಣ್ಯಾತ್ಮ. ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಕೋರ್ಟಿನವರನ್ನು ಏನು ಅನ್ನೋಣ, ಆರು ವರ್ಷ ಜೊತೆಯಲ್ಲಿ ಬಾಳಿದ ನಾನೇ ಕಾಗದ ಓದಿ ನಂಬಿರಲಿಲ್ಲವೇ?

ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿ ಕೋರ್ಟಿನ ಹತ್ತಿರ, ಒಂದು ಜೆರಾಕ್ಸ್ ಅಂಗಡಿಯ ಮೇಲೆ ಒಬ್ಬ ವಕೀಲರು ಕೂರುತ್ತಿದ್ದರು. ರೇಷ್ಮೆಗೂಡಿನ ಮಾರುಕಟ್ಟೆಯ ವಾಸನೆ ಅವರ ಕಿಟಕಿಯ ತನಕ ಬರುತ್ತಿತ್ತು. ಅವರು ನಕಲನ್ನು ಕನ್ನಡಕ ಏರಿಸಿ ಇಳಿಸಿ ಓದಿದರು. “ಒಪ್ಪಿಕೊಂಡುಬಿಟ್ಟಿದ್ದೀರಲ್ಲಪ್ಪಾ. ಒಪ್ಪಿಕೊಂಡ ಮೇಲೆ ತಪ್ಪು ಮಾಡಿಲ್ಲ ಅಂತ ಅಪೀಲು ಹೋಗೋ ಹಾಗಿಲ್ಲ” ಅಂದರು. ಇವರು ಎದ್ದೇಬಿಟ್ಟರು. ನಾನು ಅಂಗಿ ಹಿಡಿದು ಕೂರಿಸಿದೆ.

“ಕೂತ್ಕೊಳ್ಳಿ, ಮುಗಿದಿಲ್ಲ” ಅಂದರು ವಕೀಲರು. “ಗಾಡಿ ಓಡಿಸಬಾರದು ಅಂತ ಹೇಳಿದಾರಲ್ಲ, ಆ ಅನರ್ಹತೆ, ಅದಕ್ಕೆ ಮಾತ್ರ ಬೇರೆ ದಾರಿ ಇದೆ. ತಪ್ಪಿನ ಮೇಲೆ ಅಪೀಲು ಇಲ್ಲದೇ ಇದ್ರೂ, ಅದೊಂದನ್ನ ಮೇಲಿನ ಕೋರ್ಟು ತೆಗೆದುಹಾಕಬಹುದು, ಇಲ್ಲಾ ಅವಧಿ ಕಮ್ಮಿ ಮಾಡಬಹುದು. ಮೂವತ್ತು ದಿನದೊಳಗೆ ಹಾಕಬೇಕು.”

“ಅಂದ್ರೆ ಮುದ್ದೆ ಹಂಗೇ ಇರ್ಲಿ, ಸಾರಿಗೆ ಮಾತ್ರ ಅಪೀಲಾ?” ಅಂದೆ.

“ಹೆಚ್ಚುಕಮ್ಮಿ ಹಾಗೇ ಅನ್ನಿ” ಅಂತ ನಕ್ಕರು. ಒಂದು ವರ್ಷ ಹಾಕಿದ್ದು ಯಾಕೆ ಅಂತಲೂ ಅವರೇ ಹೇಳಿದರು. ಡಿಕ್ಕಿ ಹೊಡೆದದ್ದಕ್ಕಲ್ಲ, ಬಿಟ್ಟು ಹೋದದ್ದಕ್ಕೆ. ಗಾಯ ಮಾಡಿ ಓಡಿಹೋಗುವ ಡ್ರೈವರುಗಳ ಮೇಲೆ ಕಾನೂನಿಗೆ ಸಿಟ್ಟು ಜಾಸ್ತಿ. ಹಾಗಾಗಿ ಎಲ್ಲ ನಿಂತಿರುವುದು ಆ ಒಂದು ಮಾತಿನ ಮೇಲೆ. ತಾತ ಬಂದು, ನನ್ನನ್ನು ಮನೆಗೇ ತಂದು ಬಿಟ್ಟ ಅಂತ ಆಣೆ ಮಾಡಿ ಪ್ರಮಾಣಪತ್ರ ಬರೆದುಕೊಟ್ಟರೆ ಕೇಸು ತಿರುಗಬಹುದು. ಕೊಡದಿದ್ದರೆ ಬರೀ ಬಾಯಿಮಾತಾಗುತ್ತದೆ.

ಅಪೀಲು ಹಾಕಿದ್ದಾಯಿತು. ತೀರ್ಪು ಬರುವ ತನಕ ಲೈಸೆನ್ಸು ವಾಪಸು ಕೊಡಿ ಅಂತ ಕೇಳಿದ್ದಕ್ಕೆ ಕೋರ್ಟು ಒಪ್ಪಲಿಲ್ಲ. ಇತ್ತ ಗುತ್ತಿಗೆದಾರ ತನ್ನ ಮಾತು ಹೇಳಿದ್ದ: “ಆಯುಧಪೂಜೆ ತಂಕ ಕಾಯ್ತೀನಿ. ಅವತ್ತು ಗಾಡಿಗೆ ಹಾರ ಹಾಕೋನೇ ಡ್ರೈವರ್ರು.” ಒಂದು ವರ್ಷ ಅಂದರೆ ಮುಂದಿನ ಯುಗಾದಿ. ಆಯುಧಪೂಜೆ ಅದಕ್ಕೆ ಎಷ್ಟೋ ಮುಂಚೆ. ಇವರಿಗೆ ಬೇರೆ ಕೆಲಸ ಬಾರದು ಅಂತಲ್ಲ, ಹೊಲವಿದೆ, ದುಡಿಯುತ್ತಾರೆ. ಆದರೆ ಹದಿನೆಂಟನೇ ವಯಸ್ಸಿನಿಂದ ಸ್ಟೇರಿಂಗು ಹಿಡಿದ ಕೈ. ‘ಅನರ್ಹ’ ಅನ್ನುವ ಆ ಪದ ಇವರನ್ನು ತಿಂದುಹಾಕಿತು. ಒಂದು ದಿನ ಊಟಕ್ಕೆ ಕೂತವರು, “ಅನರ್ಹ ಅಂದ್ರೆ ಲಾಯಕ್ಕಿಲ್ದೋನು ಅಂತ ಅಲ್ವಾ?” ಅಂದರು. ಮಾತಿನಮಲ್ಲಿ ಅನ್ನಿಸಿಕೊಂಡ ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಬೇಜಾರಿಗೆ ಅಂಗನವಾಡಿ ಕಟ್ಟೆಗೆ ಬಂದು ಕೂರತೊಡಗಿದರು. “ಟೀಚರೇ, ನಿಮ್ಮನೆಯೋರ್ನೂ ಸೇರುಸ್ಕೊಂಡ್ಬುಟ್ರಾ?” ಅಂತ ತಾಯಂದಿರು ಚುಡಾಯಿಸಿದರು. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಬಸ್ಸು ಆಡುವಾಗ ಇವರನ್ನು ಮುಂದೆ ನಿಲ್ಲಲು ಎಳೆದರೆ, “ನಂಗೆ ಲೈಸೆನ್ಸ್ ಇಲ್ಲ ಕಣ್ರಪ್ಪ, ಹಿಂದ್ಗಡೆ ಸೀಟು ಕೊಡ್ರಿ” ಅಂದು ಸಾಲಿನ ಕೊನೆಯಲ್ಲಿ ನಿಂತರು. ನಾನು ಅಕ್ಕಿ ಆರಿಸುವ ನೆಪದಲ್ಲಿ ಮುಖ ತಗ್ಗಿಸಿದೆ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗುತ್ತಿಗೆದಾರನ ಫೋನು ಬಂತು. ಬದಲಿ ಡ್ರೈವರಿಗೆ ಜ್ವರ, ಜನ ಬೀದಿಯಲ್ಲಿ ನಿಂತಿದ್ದಾರೆ, ಇವತ್ತೊಂದು ದಿನ ಬಂದು ಬಿಟ್ಟು ಬಾ ಅಂತ. ಮಾತು ಮುಗಿಯುವ ಮುಂಚೆ ಇವರು ಖಾಕಿ ಅಂಗಿ ಹಾಕಿಕೊಂಡಾಗಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ. “ಹೋಗಿ! ಹೋಗಿ ಸಿಕ್ಕಾಕ್ಕೊಳಿ! ಆಮೇಲೆ ಅಪೀಲು ಕಾಗ್ದಾನ ಒಲೇಗಾಕಿ ನೀರ್ ಕಾಯಿಸ್ತೀನಿ” ಅಂದೆ. “ಜನ ಗೇಟಾಚೆ ನಿಂತ್ಕೋತಾರೆ ಕಣೇ” ಅಂದರು, ದನಿ ಎಷ್ಟು ಸಣ್ಣಗಾಗಿತ್ತು ಅಂದರೆ ನನಗೆ ಪಾಪ ಅನ್ನಿಸಿತು. ಆದರೂ ಬಾಗಿಲು ಬಿಡಲಿಲ್ಲ. ಇವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಹೊಲಕ್ಕೆ ಹೋದರು.

ತಾತನ ಮನೆಗೆ ಹೋಗಲು ಇವರು ದಿನ ತಳ್ಳುತ್ತಲೇ ಇದ್ದರು. ಕೊನೆಗೆ ವಕೀಲರು ಗದರಿದ ಮೇಲೆ ಇಬ್ಬರೂ ಹೋದೆವು. ಬಸ್ಸಿಳಿದು ಒಂದು ಮೈಲಿ ನಡಿಗೆ. ಹೆಂಚಿನ ಮನೆ, ಪಕ್ಕದಲ್ಲಿ ಮುಳ್ಳುಬೇಲಿಯ ಕುರಿರೊಪ್ಪ. ತಾತ ಜಗಲಿ ಮೇಲೆ ಕೂತಿದ್ದರು. ಎಡಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಇವರನ್ನು ನೋಡಿ ಗುರುತು ಹಿಡಿದರು. “ಓ, ಗಾಡಿಯೋನು. ಬಾರಪ್ಪ” ಅಂದರು. ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ. ಸೊಸೆ ನೀರು ತಂದುಕೊಟ್ಟಳು.

ನಾನೇ ವಿಷಯ ಹೇಳಿದೆ. ಹೀಗೆ ಹೀಗೆ, ಬಿಟ್ಟು ಹೋದರು ಅಂತ ಬರೆದಿದ್ದಾರೆ, ಮನೆಗೆ ಬಿಟ್ಟದ್ದು ಅಂತ ನೀವು ಹೇಳಬೇಕು, ಇವರ ಅನ್ನದ ಪ್ರಶ್ನೆ. ತಾತ ಕೇಳಿಸಿಕೊಂಡರು. ಇವರ ಕಡೆ ತಿರುಗಿದರು.

“ಮನೇಗ್ ಬುಟ್ಟಿದ್ದು ದಿಟ. ಅದ್ನ ಯಾವ್ ಕೋರ್ಟಲ್ ಬೇಕಾರೂ ಹೇಳ್ತೀನಿ” ಅಂದರು. “ಆದ್ರೆ ನೀನು ಹೆಂಗ್ ಬುಟ್ಟೆ ಗ್ಯಾನ ಐತೇನಪ್ಪ? ಸೊಪ್ಪಿನ್ ಹೊರೇನ ಹೊತ್ಕಂಡೋಗಿ ರೊಪ್ಪದೊಳೀಕ್ ಹಾಕ್ದೆ. ನನ್ನ ಬಾಗ್ಲಲ್ ಬುಟ್ಟೆ. ಮನೇಲಿ ಯಾರೂ ಇರ್ನಿಲ್ಲ, ಎಲ್ಲಾ ಹೊಲುಕ್ಕೋಗಿದ್ರು. ಚಿಲ್ಕ ಮ್ಯಾಲ್ಗಡೀಕೈತೆ ನೋಡು, ಎಲ್ಡೂ ಕೈ ಎತ್ತಿ ತಳ್ಬೇಕು. ಒಂದ್ ಕೈ ಎತ್ತಕ್ಕಾಗ್ಲಿಲ್ಲ. ಮದ್ಯಾನ್ದ ಗಂಟ ಈಚೇಲೇ ಕೂತಿದ್ದೆ, ನೀರೂ ಇಲ್ದೆ.”

ನಾನು ಇವರ ಮುಖ ನೋಡಿದೆ. ಇವರು ಬಾಗಿಲಿನ ಮೇಲ್ಗಡೆಯ ಆ ಚಿಲಕವನ್ನೇ ನೋಡುತ್ತಿದ್ದರು. ನನಗೆ ಹೇಳದೇ ಇದ್ದ ಭಾಗ ಇದು. ಇವರಿಗೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನೆನೆಯಲು ಇಷ್ಟವಿರಲಿಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

“ಗೇಟ್ ಮುಚ್ಬುಡ್ತದೆ ಅಂತ ಅವಸ್ರ ಇತ್ತು ತಾತ” ಅಂದರು. “ತಪ್ಪಾಯ್ತು.”

“ಆಯ್ತು ಬುಡು” ಅಂದರು ತಾತ. “ಮನೇಗ್ ಬುಟ್ಟ ಅಂತ ಹೇಳ್ತೀನಿ. ಬಾಗ್ಲಲ್ ಬುಟ್ನಾ ಒಳಕ್ ಬುಟ್ನಾ ಅಂತ ಕೇಳುದ್ರೆ, ಅದ್ನೂ ಹೇಳ್ತೀನಿ. ಸುಳ್ ಹೇಳಕ್ಕೆ ನಂಗ್ ಬರಾಕಿಲ್ಲ ಕಣವ್ವ.”

ಆ ಮಾತನ್ನು ವಕೀಲರಿಗೆ ಹೇಳಿದಾಗ ಅವರು ತಲೆ ಕೆರೆದುಕೊಂಡರು. “ಪ್ರಮಾಣಪತ್ರದಲ್ಲಿ ಮನೆಗೆ ಬಿಟ್ಟರು ಅಂತಷ್ಟೇ ಹಾಕೋಣ. ತಾತನ್ನೂ ವಾದದ ದಿನ ಕರೆದುಕೊಂಡು ಬನ್ನಿ. ಅಪೀಲಲ್ಲಿ ಸಾಮಾನ್ಯವಾಗಿ ಹೊಸದಾಗಿ ಏನೂ ಕೇಳೋದಿಲ್ಲ” ಅಂದರು. ಆ ‘ಸಾಮಾನ್ಯವಾಗಿ’ ಕೇಳಿದಾಗಲೇ ನನಗೆ ಅನುಮಾನ ಬಂತು.

ಗಣೇಶನ ಹಬ್ಬ ಕಳೆದು ಒಂದು ವಾರಕ್ಕೆ ವಾದ ಇತ್ತು. ನಾನೂ ಇವರೂ ಹೋಗಿ ತಾತನನ್ನು ಕರೆದುಕೊಂಡು ಬಸ್ಸಿನಲ್ಲಿ ರಾಮನಗರಕ್ಕೆ ಬಂದೆವು. ತಾತ ಹೊಸ ಪಂಚೆ ಉಟ್ಟಿದ್ದರು. ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತೆವು. ನಮ್ಮ ವಕೀಲರು ಎದ್ದು, ಬಿಟ್ಟು ಹೋದೆ ಅನ್ನುವುದಕ್ಕೆ ತಂದು ಸೇರಿಸಿದೆ ಅಂತಲೂ ಅರ್ಥ ಇದೆ ಸ್ವಾಮಿ, ಇದು ಈ ಕಡೆಯ ಮಾತು ಅಂದರು. ಜಡ್ಜ್ ಸಾಹೇಬರು ಕತ್ತೆತ್ತಿ, “ಈ ಕಡೆಯದೇನ್ರೀ, ನಾನೂ ದಿನಾ ಮಗಳನ್ನ ಸ್ಕೂಲಿಗೆ ಬಿಟ್ಟೇ ಬರೋದು” ಅಂದರು. ನನಗೆ ಉಸಿರು ಬಂತು. ಅಷ್ಟರಲ್ಲಿ ಸರ್ಕಾರಿ ವಕೀಲರು ಎದ್ದರು. ಮನೆಗೆ ಬಿಟ್ಟರು ಅಂತಲೇ ಇಟ್ಟುಕೊಳ್ಳೋಣ, ಡಾಕ್ಟರ ಹತ್ತಿರ ಕರೆದುಕೊಂಡು ಹೋದರೇ? ಠಾಣೆಗೆ ತಿಳಿಸಿದರೇ? ಮಾರನೇ ದಿನ ಹೋಗಿ ಹೇಗಿದ್ದೀರಿ ಅಂತ ಕೇಳಿದರೇ? ಮೂರನ್ನೂ ಇವರು ಮಾಡಿರಲಿಲ್ಲ. ಆ ಸರ್ಕಾರಿ ವಕೀಲರ ಮೇಲೆ ಸಿಟ್ಟು ಬಂತು, ಆದರೆ ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಸಾಹೇಬರು ಪ್ರಮಾಣಪತ್ರ ಓದಿದರು. “ಇವರು ಬಂದಿದ್ದಾರೆಯೇ?” ಅಂದರು. ತಾತ ಎದ್ದು ಮುಂದೆ ಹೋದರು. ಪ್ರಮಾಣ ಮಾಡಿಸಿದರು.

“ನಿಮ್ಮನ್ನ ಇವರು ಎಲ್ಲಿಗೆ ಬಿಟ್ಟರು, ಯಜಮಾನ್ರೇ?”

“ಮನೇಗ್ ಬುಟ್ರು ಸ್ವಾಮಿ.”

“ಒಳಗೆ ಕರೆದುಕೊಂಡು ಹೋಗಿ ಬಿಟ್ಟರಾ?”

ತಾತ ಹಿಂದೆ ತಿರುಗಿ ಇವರನ್ನು ಒಂದು ಸಲ ನೋಡಿದರು. “ಇಲ್ಲ ಸ್ವಾಮಿ. ಸೊಪ್ಪು ಒಳಗೆ, ನಾನು ಈಚೆ” ಅಂದರು.

ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ನಗಲಿಲ್ಲ. ಚಿಲಕದ ವಿಷಯವನ್ನೂ, ಮಧ್ಯಾಹ್ನದ ತನಕ ಕೂತದ್ದನ್ನೂ ಬಿಡಿಸಿ ಬಿಡಿಸಿ ಕೇಳಿ ಬರೆಸಿಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲ ಮುಗಿಯಿತು, ಆಯುಧಪೂಜೆಯೂ ಹೋಯಿತು, ವ್ಯಾನೂ ಹೋಯಿತು ಅಂತ ಲೆಕ್ಕ ಹಾಕಿಬಿಟ್ಟೆ. ತಾತನ ಮೇಲೂ ಕೋಪ ಬಂತು, ಸುಳ್ಳು ಯಾಕೆ ಹೇಳಬೇಕು, ಆದರೂ ಬಂತು.

ಊಟದ ಹೊತ್ತು ಕಳೆದ ಮೇಲೆ ಸಾಹೇಬರು ತೀರ್ಪು ಹೇಳಿದರು. ವಕೀಲರು ಆಮೇಲೆ ಬಿಡಿಸಿ ಹೇಳಿದ್ದರಿಂದ ನನಗೆ ಅರ್ಥವಾದದ್ದು ಇಷ್ಟು. ಈ ಮನುಷ್ಯ ಓಡಿಹೋದವನಲ್ಲ, ಹಾಗಾಗಿ ಒಂದು ವರ್ಷ ಹೆಚ್ಚಾಯಿತು. ಆದರೆ ಮಾಡಬೇಕಾದ್ದನ್ನು ಪೂರ್ತಿ ಮಾಡಿದವನೂ ಅಲ್ಲ, ಬಾಗಿಲಿನ ತನಕ ಮಾಡಿದ್ದಾನೆ. ಅದಕ್ಕೆ ಪೂರಾ ತೆಗೆದುಹಾಕುವುದಿಲ್ಲ. ಒಂದು ವರ್ಷದ್ದನ್ನು ಐದು ತಿಂಗಳಿಗೆ ಇಳಿಸಿದೆ. ಅಷ್ಟರಲ್ಲಿ ನಾಲ್ಕು ತಿಂಗಳ ಮೇಲಾಗಿತ್ತು. ಉಳಿದದ್ದು ಹದಿನೇಳು ದಿನ. ನಾನು ಬೆರಳು ಮಡಿಸಿ ಎಣಿಸಿದೆ, ಮತ್ತೆ ಎಣಿಸಿದೆ. ಆಯುಧಪೂಜೆ ಅದರಾಚೆಗೇ ಇತ್ತು.

ಆಚೆ ಬಂದು ವಕೀಲರ ಕಾಲಿಗೆ ಬೀಳುವುದೊಂದು ಬಾಕಿ. ನಗು, ಅಳು ಎರಡೂ ಒಟ್ಟಿಗೆ ಬಂದು, “ಗುತ್ತಿಗೆದಾರಂಗೆ ಫೋನ್ ಮಾಡ್ರೀ, ಈಗ್ಲೇ ಮಾಡ್ರೀ” ಅಂತ ಇವರ ತೋಳು ಹಿಡಿದು ಅಲ್ಲಾಡಿಸಿದೆ. ಇವರು ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ತಾತ ಬೇವಿನ ಮರದ ಕೆಳಗೆ ನಿಂತು, ಯಾವ ಬಸ್ಸಿಗೆ ಹೋಗುವುದು ಅಂತ ಯಾರನ್ನೋ ವಿಚಾರಿಸುತ್ತಿದ್ದರು. ಇವರು ಅತ್ತ ಹೋದರು.

“ನೀನು ಮನೇಗೋಗು. ನಾನು ತಾತುನ್ನ ಬುಟ್ಟು ಬತ್ತೀನಿ” ಅಂದರು ನನಗೆ.

“ಬ್ಯಾಡ ಕಣಪ್ಪ, ನಾನೇ ಹೋಯ್ತೀನಿ, ಬಸ್ಸೈತಲ್ಲ” ಅಂದರು ತಾತ. ಇವರು ತಾತನ ಕೈಚೀಲ ಇಸಿದುಕೊಂಡು, ನೆಟ್ಟಗಿದ್ದ ಬಲಗೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ನಾನು ಮಾಗಡಿ ಬಸ್ಸು ಹಿಡಿದು ಊರಿಗೆ ಬಂದೆ. ದೀಪ ಹಚ್ಚುವ ಹೊತ್ತಿಗೆ ಇವರು ಬಂದರು. ಬಸ್ಸು ಸಿಗದೆ ಅರ್ಧ ಹಾದಿ ನಡೆದೇ ಬಂದಿದ್ದರು, ಕಾಲೆಲ್ಲ ಕೆಮ್ಮಣ್ಣು. ತೊಳೆಯಲು ಚೊಂಬಿನಲ್ಲಿ ನೀರು ಕೊಟ್ಟೆ.

“ಬುಟ್ಟು ಬಂದೆ” ಅಂದರು.

“ಎಲ್ಲಿಗೆ?” ಅಂದೆ, ಬೇಕಂತಲೇ.

“ಒಳಕ್ಕೆ” ಅಂದರು. “ಮನೇಲಿ ಯಾರೂ ಇನ್ನೂ ಬಂದಿರ್ನಿಲ್ಲ. ಚಿಲ್ಕ ನಾನೇ ತೆಗ್ದೆ.”